ಕಲಿತ ಎತ್ತು, ಹೊಸ ಯಜಮಾನ: ಜಾತ್ರೆಯಲ್ಲಿ ಕೊಂಡ ಒಂದು ಜೊತೆಯ ಪ್ರಕರಣ

ಚೆನ್ನಾಗಿ ಕೆಲಸ ಕಲಿತ ಎತ್ತುಗಳು ಕೈ ಬದಲಾದ ಕೂಡಲೇ ಎಲ್ಲ ಮರೆತಂತೆ ಆಡುವುದನ್ನು ಎತ್ತು ಕಟ್ಟುವವರೆಲ್ಲ ನೋಡಿರುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಎರಡೇ ವಿವರಣೆ. ಒಂದೋ ಮಾರಿದವನು ಮೋಸ ಮಾಡಿದ, ಇಲ್ಲವೇ ಎತ್ತಿಗೆ ಸೊಕ್ಕು. ಈ ಪ್ರಕರಣದಲ್ಲಿ ಎರಡೂ ನಿಜವಾಗಿರಲಿಲ್ಲ. ರೈತರ ಒಂದು ಸಣ್ಣ ಗುಂಪಿನ ಜೊತೆ ಕೆಲಸ ಮಾಡುವ ನಾನು ಇದನ್ನು ಶುರುವಿನಿಂದ ನೋಡಿದ್ದೇನೆ. ಎರಡೂ ಕಡೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಊರು, ಜಾತ್ರೆ, ಜನರ ಗುರುತು ಬಿಟ್ಟಿದ್ದೇನೆ. ಎತ್ತುಗಳ ಹೆಸರನ್ನೂ ಹೇಳುವುದಿಲ್ಲ. ಹೆಸರು ಹೇಳಿದರೆ ಆ ಸೀಮೆಯವರಿಗೆ ಯಾರ ಮನೆಯ ಜೊತೆ ಅಂತ ಗೊತ್ತಾಗಿಬಿಡುತ್ತದೆ! ಒಂದಕ್ಕೆ ಹೆಗಲ ಮೇಲೆ ಕಪ್ಪು ಜಾಸ್ತಿ, ಅದನ್ನು ಕರಿಹೆಗಲು ಎನ್ನುತ್ತೇನೆ. ಇನ್ನೊಂದು ಬಿಳಿಯ.

ಹಿನ್ನೆಲೆ

ಕೊಂಡವರು ನಲವತ್ತರ ಆಸುಪಾಸಿನವರು. ಹಳೇ ಮೈಸೂರು ಸೀಮೆಯ ಒಂದು ಜಿಲ್ಲೆಯಲ್ಲಿ ಕೆಂಪು ಮಣ್ಣಿನ ಖುಷ್ಕಿ ಜಮೀನು ಇದೆ. ರಾಗಿ, ನಡುವೆ ಅಕ್ಕಡಿ (ಮಿಶ್ರಬೆಳೆ) ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಆರು ಕಟ್ಟಿ, ಅಂದರೆ ನೇಗಿಲಿಗೆ ಎತ್ತು ಹೂಡಿ, ಅಭ್ಯಾಸವಿದ್ದವರೇ. ಆಮೇಲೆ ಎತ್ತು ಮಾರಿದರು, ಟ್ರ್ಯಾಕ್ಟರು ಟಿಲ್ಲರು ಬಾಡಿಗೆಗೆ ಬಂದವು, ಹಲವು ವರ್ಷ ಕೊಟ್ಟಿಗೆಯಲ್ಲಿ ಹಸು ಮಾತ್ರ ಇದ್ದವು. ಮತ್ತೆ ಎತ್ತು ಬೇಕು ಅನ್ನಿಸಿದ್ದು ಕುಂಟೆ ಹಾಯಿಸುವ, ಅಂದರೆ ಸಾಲಿನ ನಡುವೆ ಕಳೆ ತೆಗೆಯುವ, ಕೆಲಸಕ್ಕೆ. ಅಕ್ಕಡಿ ಸಾಲು ಇಟ್ಟ ಹೊಲದಲ್ಲಿ ಪೈರಿನ ನಡುವೆ ಟ್ರ್ಯಾಕ್ಟರ್ ಇಳಿಸಲು ಆಗುವುದಿಲ್ಲ. ಕಳೆ ತೆಗೆಸಲು ಆಳು ಸಿಗುವುದಿಲ್ಲ.

ಮಾರಿದವರು ಪಕ್ಕದ ಜಿಲ್ಲೆಯವರು, ಅರವತ್ತು ದಾಟಿದವರು. ಜೀವನವಿಡೀ ಹಳ್ಳಿಕಾರ್ ಎತ್ತು ಪಳಗಿಸಿ ಮಾರಿಕೊಂಡು ಬಂದವರು. ಕರುವಾಗಿದ್ದಾಗ ತಂದು, ಜೊತೆ ಮಾಡಿ, ಗಾಡಿ ಮತ್ತು ನೇಗಿಲು ಎರಡನ್ನೂ ಕಲಿಸಿ, ಒಂದೆರಡು ಮುಂಗಾರು ತಮ್ಮ ಹೊಲದಲ್ಲೇ ದುಡಿಸಿ, ಆಮೇಲೆ ಜಾತ್ರೆಗೆ ಹೊಡೆದುಕೊಂಡು ಬರುತ್ತಾರೆ.

ವ್ಯಾಪಾರ ಆದದ್ದು ಶಿವರಾತ್ರಿಯ ಹೊತ್ತಿನ ಒಂದು ದನಗಳ ಜಾತ್ರೆಯಲ್ಲಿ. ಎಲ್ಲ ಜಾತ್ರೆಯ ಹಾಗೆಯೇ ದಳ್ಳಾಳಿ ನಡುವೆ ನಿಂತ. ಟವೆಲ್ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟಿದರು. ಬಾಯಿ ಬಿಡಿಸಿ ಹಲ್ಲು ನೋಡಿದರು. ಎರಡೂ ಆರಲ್ಲು (ಆರು ಹಲ್ಲು), ಅಂದರೆ ಹೆಚ್ಚುಕಡಿಮೆ ಮೂರೂವರೆ ವರ್ಷದ ಪ್ರಾಯ. ಸುಳಿ ನೋಡಿದರು, ಗೊರಸು ತಟ್ಟಿದರು, ಬಾಲ ಎತ್ತಿದರು, ನಾಲ್ಕು ಹೆಜ್ಜೆ ನಡೆಸಿದರು. ದುಡ್ಡು ಎಣಿಸಿ ಟೆಂಪೋ ಹತ್ತಿಸಿದರು. ‘ಇವನ್ನ ಏನಂತ ಹೊಡೀತೀರಿ?’ ಎಂದು ಕೊಂಡವರು ಕೇಳಲಿಲ್ಲ. ಮಾರಿದವರೂ ಹೇಳಲಿಲ್ಲ. ಜಾತ್ರೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ ಬಿಡಿ.

ಮನೆಗೆ ಬಂದ ಮೇಲೆ ಮಕ್ಕಳು ಎತ್ತುಗಳಿಗೆ ಹೊಸ ಹೆಸರಿಟ್ಟರು. ಕೊಟ್ಟಿಗೆಯಲ್ಲಿ ಟೆಂಪೋದಿಂದ ಇಳಿದ ಕ್ರಮದಲ್ಲೇ ಕಟ್ಟಿದರು. ಎಡಕ್ಕೆ ಬಿಳಿಯ, ಬಲಕ್ಕೆ ಕರಿಹೆಗಲು.

ತೊಂದರೆ

ಮೊದಲ ಕೆಲವು ದಿನ ಗಾಡಿ ಕಟ್ಟಿದರು. ತಿಪ್ಪೆಗೊಬ್ಬರ ಹೊಲಕ್ಕೆ ಸಾಗಿಸುವ ಕೆಲಸ. ಏನೂ ತಕರಾರಿಲ್ಲ. ಊರವರು ಬಂದು ನೋಡಿ ಮೆಚ್ಚಿಕೊಂಡು ಹೋದರು.

ಭರಣಿ ಮಳೆ ಬಿದ್ದ ಮೇಲೆ ಉಕ್ಕೆ ಹೊಡೆಯಲು (ಉಳಲು) ನೇಗಿಲು ಕಟ್ಟಿದಾಗ ಕಥೆ ಬದಲಾಯಿತು. ‘ಹೋ…ಯ್’ ಎಂದು ಎಳೆದು ಹೊರಡಿಸಿದರೆ ಎರಡು ಹೆಜ್ಜೆ ಹೋಗಿ ನಿಂತುಬಿಡುತ್ತಿದ್ದವು. ಬಾರುಕೋಲು ಬೀಸಿದರೆ ನುಗ್ಗುತ್ತಿದ್ದವು. ‘ಏಯ್ ನಿಲ್!’ ಎಂದು ಗದರಿದರೆ ಇನ್ನಷ್ಟು ಜೋರು. ಬದುವಿನ ಹತ್ತಿರ ತಿರುಗಿಸುವಾಗ ಅಂತೂ ಗಲಾಟೆ. ಒಂದು ಎತ್ತು ಮುಂದಕ್ಕೆ ನೂಕಿದರೆ ಇನ್ನೊಂದು ನಿಂತಲ್ಲೇ ಕಾಲು ಕುಣಿಸುತ್ತಿತ್ತು. ನೊಗ ಓರೆಯಾಗಿ, ಕಣ್ಣಿ ಬಿಗಿದು, ಒಮ್ಮೆ ಕರಿಹೆಗಲು ಹಗ್ಗ ದಾಟಿ ನೇಗಿಲಿನ ಕಡೆಗೇ ತಿರುಗಿ ನಿಂತಿತು. ನೇಗಿಲನ್ನು ನೊಗಕ್ಕೆ ಸೇರಿಸುವ ಈಸು ಸೀಳಿತು. ಮೇಣಿ (ನೇಗಿಲಿನ ಹಿಡಿಕೆ) ಹಿಡಿದವರ ಕಾಲಿಗೆ ಗುಳ (ಉಳುವ ಕಬ್ಬಿಣ) ತಾಗದೆ ಉಳಿದದ್ದು ಪುಣ್ಯ.

ಆ ವಾರ ಅವರು ಟಿಲ್ಲರ್ ಕರೆಸಿ ಉಕ್ಕೆ ಮುಗಿಸಿದರು. ಎತ್ತು ಕಟ್ಟಿಕೊಂಡು ಟಿಲ್ಲರಿಗೂ ಬಾಡಿಗೆ ಕೊಟ್ಟ ಮೇಲೆ ಊರಲ್ಲಿ ಮಾತು ಬಾರದೆ ಇರುತ್ತದೆಯೇ?

ಮೊದಲು ಮಾಡಿ ನೋಡಿದ್ದು

ಮೊದಲ ನಿರ್ಧಾರ ಸರಿಯಾಗಿಯೇ ಇತ್ತು. ಪಶುವೈದ್ಯರನ್ನು ಕರೆಸಿದರು. ಹೆಗಲು ಬಾವು ಇದೆಯಾ, ಗೊರಸಿನ ಸಂದಿಯಲ್ಲಿ ಹುಣ್ಣಿದೆಯಾ, ಕಣ್ಣು ಸರಿಯಾಗಿದೆಯಾ, ಮೆಲುಕು ಹಾಕುತ್ತಿವೆಯಾ ಎಂದೆಲ್ಲ ನೋಡಿದರು. ಎರಡೂ ಆರೋಗ್ಯವಾಗಿದ್ದವು. ಹೊಸ ಜಾಗ, ಹೊಸ ನೀರು, ಒಂದಷ್ಟು ದಿನ ಬಿಡಿ ಅಂದರು. ಬಿಟ್ಟರು. ಮತ್ತೆ ಕಟ್ಟಿದಾಗ ಅದೇ ಹಾಡು.

ಯಾವ ವರ್ತನೆಯ ಸಮಸ್ಯೆಯಲ್ಲೂ ನೋವನ್ನು ಮೊದಲು ಪಕ್ಕಕ್ಕೆ ಸರಿಸಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೆಗಲು ನೊಂದ ಎತ್ತಿಗೆ ಯಾವ ಮಾತು ಕಲಿಸಿಯೂ ಉಪಯೋಗವಿಲ್ಲ. ಹಾಗಾಗಿ ಈ ಹೆಜ್ಜೆ ವ್ಯರ್ಥ ಅನ್ನಲಾರೆ.

ಎರಡನೇ ನಿರ್ಧಾರ ಕೆಟ್ಟದ್ದು. ಯಾರೋ ಹೇಳಿದರೆಂದು ಕೋಲಿನ ತುದಿಗೆ ಮೊಳೆ ಹೊಡೆದರು. ಭಾರ ಎಳೆಯುವ ಪ್ರಾಣಿಗಳಿಗೆ ಮುಳ್ಳುಗೋಲು ಬಳಸಬಾರದು ಅಂತ 1965ರಲ್ಲಿ ಬಂದ ಕೇಂದ್ರದ ನಿಯಮಗಳಲ್ಲೇ ಇದೆ. ಹಳ್ಳಿಯಲ್ಲಿ ಅದನ್ನು ಓದಿದವರು ಕಮ್ಮಿ. ನಿಯಮದ ಮಾತು ಹಾಗಿರಲಿ, ಕೆಲಸವೂ ಕೆಟ್ಟಿತು. ಚುಚ್ಚಿದ ಕೂಡಲೇ ಎತ್ತು ಓಡುತ್ತದೆ, ಓಡಿದ್ದಕ್ಕೆ ಬೈಗುಳ, ಬೈಗುಳಕ್ಕೆ ಇನ್ನೂ ಗಾಬರಿ. ಕೂಗಾಟವನ್ನು ನಾವು ಶಿಕ್ಷೆ ಅಂದುಕೊಳ್ಳುವುದಿಲ್ಲ, ಸುಮ್ನೆ ಬಾಯಿಮಾತು ಅಂದುಕೊಳ್ಳುತ್ತೇವೆ. ದನಕ್ಕೆ ಅದು ಹಾಗಿಲ್ಲ. ಕೆನಡಾದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ದನಗಳಿಗೆ ಕಬ್ಬಿಣದ ಗೇಟು ಬಡಿಯುವ ಸದ್ದನ್ನೂ ಮನುಷ್ಯರ ಕೂಗನ್ನೂ ಕೇಳಿಸಿದರು. ಎದೆಬಡಿತ ಜಾಸ್ತಿ ಏರಿದ್ದು ಮನುಷ್ಯರ ಕೂಗಿಗೆ. ಈ ಜೊತೆ ಹೊಲದ ಬದು ಕಂಡರೇ ಬೆವರುವ ಸ್ಥಿತಿಗೆ ಬಂದಿತ್ತು.

ಮೂರನೇ ಪ್ರಯತ್ನ ನೆರೆಯವರ ಸಲಹೆ. ಬಿಳಿಯನನ್ನು ಅವರ ಮನೆಯ ಹಳೇ ಎತ್ತಿನ ಜೊತೆ ಹೂಡಿದರು. ಚೆನ್ನಾಗಿ ನಡೆಯಿತು. ಕರಿಹೆಗಲನ್ನು ಹಾಗೆಯೇ ಹೂಡಿದರು. ನಡೆಯಲಿಲ್ಲ. ಅಲ್ಲಿಗೆ ತೀರ್ಪಾಯಿತು: ಕೆಟ್ಟದ್ದು ಕರಿಹೆಗಲು, ಅದನ್ನು ಮಾರಿ ಬೇರೆ ತಂದು ಜೊತೆ ಮಾಡಬೇಕು. ಕೊಳ್ಳುವವರೂ ಬಂದು ನೋಡಿ ಹೋದರು.

ನಾನು ಹೋದದ್ದು ಈ ಹಂತದಲ್ಲಿ. ಕೊಂಡವರು ತುಂಬ ಬೇಸರದಲ್ಲಿದ್ದರು. ‘ಸಾರ್, ಇಷ್ಟ್ ದುಡ್ಡು ಕೊಟ್ಟು ತಂದು ಕಟುಕ್ರಿಗೆ ಕೊಡೋಕೆ ಮನ್ಸಿಲ್ಲ. ಇಟ್ಕೊಳ್ಳೋಕೂ ಧೈರ್ಯ ಇಲ್ಲ’ ಅಂದರು.

ತಿರುವು

ನನಗೆ ಕಾಡಿದ್ದು ಗಾಡಿ. ಅದೇ ಎತ್ತು, ಅದೇ ಮನುಷ್ಯ, ಅದೇ ನೊಗ. ಗಾಡಿಯಲ್ಲಿ ಸರಿ, ನೇಗಿಲಿನಲ್ಲಿ ತಪ್ಪು. ಹುಂಬ ಎತ್ತಾಗಿದ್ದರೆ ಗಾಡಿಯಲ್ಲೂ ಹುಂಬತನ ತೋರಿಸಬೇಕಿತ್ತಲ್ವಾ? ಗಾಡಿಯಲ್ಲಿ ಮಾತಿನ ಕೆಲಸ ಕಮ್ಮಿ ಅನ್ನುವುದು ಆಗ ಹೊಳೆಯಿತು. ದಾರಿ ತಾನೇ ದಾರಿ ತೋರಿಸುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ. ಹೊಲದೊಳಗೆ ಹಾಗಲ್ಲ. ಹೊರಡು, ಸಾಲು ಹಿಡಿ, ನಿಧಾನ, ತಿರುಗು, ನಿಲ್ಲು, ಕಾಲೆತ್ತು, ಹಿಂದೆ ಬಾ, ಎಲ್ಲವನ್ನೂ ಹೇಳಬೇಕು. ಅಂದರೆ ಕೆಟ್ಟಿರುವುದು ಹೇಳುವುದು ಮತ್ತು ಕೇಳುವುದರ ನಡುವೆ ಎಲ್ಲೋ ಇದೆ.

ಕರಿಹೆಗಲು ಮಾರುವುದನ್ನು ಸದ್ಯಕ್ಕೆ ನಿಲ್ಲಿಸಿ, ಮಾರಿದವರನ್ನು ಹುಡುಕೋಣ ಎಂದು ಒಪ್ಪಿಸಿದೆ. ಅದು ಸುಲಭವಾಗಿರಲಿಲ್ಲ. ದಳ್ಳಾಳಿ ಮೂಲಕ ಆದ ವ್ಯಾಪಾರ, ನಂಬರ್ ಇರಲಿಲ್ಲ. ಎತ್ತು ವಾಪಸ್ ಕೊಡಲು ಬರುತ್ತಾರೆ ಅಂತ ದಳ್ಳಾಳಿಗೆ ಭಯ. ಜಗಳಕ್ಕಲ್ಲ, ಕೇಳಿ ತಿಳಿಯಲಿಕ್ಕೆ ಅಂತ ನಂಬಿಸುವ ಹೊತ್ತಿಗೆ ಸಾಕಾಯಿತು.

ಹಳೇ ಯಜಮಾನರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು: ‘ಎಡಕ್ಕೆ ಯಾವ್ದು ಕಟ್ಟಿದ್ದೀಯಪ್ಪ?’

ಬಿಳಿಯ ಎಂದರು ಕೊಂಡವರು. ಆ ಕಡೆಯಿಂದ ಒಂದು ನಿಟ್ಟುಸಿರು. ‘ಅಯ್ಯೋ, ಬಿಳಿದು ಬಲಗೋಲು ಕಣಪ್ಪ! ಕರಿಹೆಗ್ಲು ಎಡಗೋಲು. ಉಲ್ಟಾ ಕಟ್ಬಿಟ್ಟು ಅವಕ್ಕೆ ಬಯ್ತಾ ಇದ್ದೀಯಲ್ಲ.’

ಎಡಗೋಲು ಅಂದರೆ ನೊಗದ ಎಡಗಡೆಯ ಎತ್ತು, ಬಲಗೋಲು ಬಲಗಡೆಯದು. ಎತ್ತು ಕಟ್ಟಿ ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಈ ಜೊತೆ ಕಲಿತದ್ದು ಯಾವಾಗಲೂ ಎಡಕ್ಕೆ ತಿರುಗುವ ಉಳುಮೆ. ಎಡಕ್ಕೆ ತಿರುಗುವಾಗ ಎಡಗೋಲು ಎತ್ತು ಒಳಗಿರುತ್ತದೆ, ಅದು ಹೆಚ್ಚುಕಡಿಮೆ ನಿಂತಲ್ಲೇ ಹೆಜ್ಜೆ ಹಾಕಬೇಕು. ಬಲಗೋಲಿನದು ಹೊರಗಿನ ಸುತ್ತು, ಅದು ಬಿರಬಿರನೆ ನಡೆಯಬೇಕು. ಅಂದರೆ ‘ತಿರ್ಗೋ’ ಎಂಬ ಒಂದೇ ಮಾತಿಗೆ ಎರಡು ಎತ್ತು ಎರಡು ಬೇರೆ ಕೆಲಸ ಕಲಿತಿರುತ್ತವೆ. ಅವನ್ನು ಅದಲುಬದಲು ಕಟ್ಟಿದರೆ ಹೊರಗಿನದು ನಿಂತು ಕಾಲು ಕುಣಿಸುತ್ತದೆ, ಒಳಗಿನದು ನುಗ್ಗುತ್ತದೆ, ನೊಗ ಓರೆಯಾಗುತ್ತದೆ. ಹೊಲದಲ್ಲಿ ಕಂಡದ್ದು ಇದೇ. ನೆರೆಯವರ ಪ್ರಯೋಗದಲ್ಲಿ ಬಿಳಿಯ ಗೆದ್ದದ್ದೂ ಇದಕ್ಕೇ ಇರಬೇಕು. ಕೇಳಿ ನೋಡಿದಾಗ ಅವರ ಹಳೇ ಎತ್ತು ಎಡಗೋಲು, ಅಂದರೆ ಬಿಳಿಯ ಅಂದು ಅಕಸ್ಮಾತ್ತಾಗಿ ತನ್ನ ಜಾಗಕ್ಕೆ ಬಂದಿತ್ತು. ಕರಿಹೆಗಲನ್ನೂ ಅದೇ ಬಲಗಡೆಗೇ ಕಟ್ಟಿದ್ದರು. ಅದರ ತಪ್ಪೇನು?

ಫೋನಿನಲ್ಲಿ ಇನ್ನೆರಡು ವಿಷಯ ಹೊರಬಂತು. ಒಂದು, ಹೆಸರು. ಹಳೇ ಯಜಮಾನರು ಯಾವ ಮಾತನ್ನೂ ಬರಿದೇ ಹೇಳುತ್ತಿರಲಿಲ್ಲ, ಮೊದಲು ಹೆಸರು, ಆಮೇಲೆ ಮಾತು. ಒಂದು ಎತ್ತು ಹಿಂದೆ ಬಿದ್ದರೆ ಅದರ ಹೆಸರು ಹಿಡಿದು ನಾಲಿಗೆ ಲೊಚಗುಟ್ಟುತ್ತಿದ್ದರು. ಇನ್ನೊಂದು ಅದನ್ನು ತನಗಲ್ಲ ಅಂತ ಬಿಟ್ಟುಬಿಡುತ್ತಿತ್ತು. ಹೊಸ ಹೆಸರಿನಲ್ಲಿ ಈ ಎತ್ತುಗಳಿಗೆ ಯಾವ ಮಾತು ಯಾರಿಗೆ ಅಂತ ತಿಳಿಯುವ ದಾರಿಯೇ ಇರಲಿಲ್ಲ.

ಇನ್ನೊಂದು ‘ಹೋ’. ಹಳೇ ಮನೆಯಲ್ಲಿ ಉದ್ದಕ್ಕೆ, ದನಿ ಇಳಿಸುತ್ತಾ ‘ಹೋ…’ ಅಂದರೆ ನಿಲ್ಲು. ಹೊಸ ಮನೆಯಲ್ಲಿ ಉದ್ದಕ್ಕೆ ‘ಹೋ…ಯ್’ ಅಂದರೆ ಹೊರಡು. ಅಪ್ಪನ ಕಾಲದಿಂದ ಬಂದ ಕೂಗು ಅದು. ಅಪ್ಪನ ಎತ್ತುಗಳು ಅದಕ್ಕೇ ಹೊರಡುತ್ತಿದ್ದವು, ಕಲಿತಿದ್ದವು. ಈ ಜೊತೆ ಕಲಿತದ್ದು ಅದಕ್ಕೆ ತಿರುಗುಮುರುಗು. ಹೊರಡಿ ಅಂದಾಗಲೆಲ್ಲ ಪಾಪ, ನಿಂತವು. ನಿಂತದ್ದಕ್ಕೆ ಏಟು ತಿಂದವು.

ಇದರಲ್ಲಿ ಕಲಿಕೆಯ ಆಚೆಗೂ ಒಂದು ಮಾತಿದೆ. ಅಮೆರಿಕದ ಪ್ರಾಣಿ ವರ್ತನೆ ತಜ್ಞೆ ಪೆಟ್ರೀಷಿಯಾ ಮೆಕಾನೆಲ್ 1980ರ ದಶಕದಲ್ಲಿ ಬೇರೆ ಬೇರೆ ಭಾಷೆಯ ಜನ ಕುದುರೆ, ನಾಯಿ ಮುಂತಾದ ಪ್ರಾಣಿಗಳನ್ನು ಹೇಗೆ ಕೂಗಿ ನಡೆಸುತ್ತಾರೆ ಎಂದು ಧ್ವನಿಮುದ್ರಿಸಿ ಹೋಲಿಸಿದರು. ಭಾಷೆ ಯಾವುದಾದರೂ ಒಂದು ಗುಣ ಮತ್ತೆ ಮತ್ತೆ ಕಂಡಿತು. ಓಡಿಸಲು, ಚುರುಕು ಮಾಡಲು ಸಣ್ಣ ಸಣ್ಣ ಸದ್ದು, ಮೇಲಿಂದ ಮೇಲೆ. ನಿಧಾನಿಸಲು, ಸಮಾಧಾನ ಮಾಡಲು ಒಂದೇ ಉದ್ದನೆಯ ಸದ್ದು. ನಮ್ಮಲ್ಲೂ ನೋಡಿ, ನಾಲಿಗೆಯ ಲೊಚಲೊಚ, ‘ಹೈ ಹೈ’, ‘ನಡಿ ನಡಿ’ ಎಲ್ಲ ತುಂಡು ತುಂಡು. ನೀರು ಕುಡಿಯುವಾಗ ಹಾಕುವ ಸಿಳ್ಳೆ ಮಾತ್ರ ಉದ್ದಕ್ಕೆ, ಮೆಲ್ಲಗೆ. ಕೊಂಡವರ ಕೂಗು ಎರಡೂ ಕಡೆ ಇದಕ್ಕೆ ವಿರುದ್ಧ. ಹೊರಡಲು ಉದ್ದ ಸದ್ದು, ನಿಲ್ಲಲು ಗದರಿಕೆಯ ತುಂಡು ಸದ್ದು. ಕಲಿಸಿದರೆ ಎತ್ತು ಅದನ್ನೂ ಕಲಿಯುತ್ತದೆ, ಅಪ್ಪನ ಎತ್ತುಗಳೇ ಸಾಕ್ಷಿ. ಕಲಿಯದ ಎತ್ತಿನ ಮೇಲೆ ‘ಏಯ್ ನಿಲ್!’ ಬರೀ ಚಾಟಿಯ ಕೆಲಸ ಮಾಡುತ್ತದೆ.

ಧ್ವನಿ ಬಂತು, ಕೆಲಸ ಬರಲಿಲ್ಲ

ಇಷ್ಟು ತಿಳಿದ ಮೇಲೆ ಎಲ್ಲ ಸರಿಹೋಗಬೇಕಿತ್ತು. ಜಾಗ ಬದಲಿಸಿದರು, ಹಳೇ ಹೆಸರಿಗೆ ಮರಳಿದರು, ‘ಹೋ’ ನಿಲ್ಲಲು ಮಾತ್ರ ಎಂದುಕೊಂಡರು. ಹಳೇ ಯಜಮಾನರು ತಮ್ಮ ಎಲ್ಲ ಕೂಗನ್ನೂ ವಾಟ್ಸಾಪ್‌ನಲ್ಲಿ ಧ್ವನಿ ಮಾಡಿ ಕಳಿಸಿದರು. ಕೊಟ್ಟಿಗೆಯಲ್ಲಿ ಅದನ್ನು ಹಾಕಿದಾಗ ಮಲಗಿದ್ದ ಕರಿಹೆಗಲು ಎದ್ದು ನಿಂತು ಕಿವಿ ಅತ್ತಿತ್ತ ತಿರುಗಿಸಿತು. ಮನೆಯವರಿಗೆ ಭಾರಿ ಸಂತೋಷ.

ಹೊಲದಲ್ಲಿ ಅರ್ಧ ಮಾತ್ರ ಸರಿಹೋಯಿತು. ಹೊರಡುವುದು ಬಂತು. ‘ಹೋ’ ಅಂದರೆ ನಿಂತವು. ಆದರೆ ‘ತಿರ್ಗೋ’ ಅಂದರೆ ಬದುವಿಗೆ ಮೂತಿ ತಾಗುವವರೆಗೂ ನೆಟ್ಟಗೆ ಹೋಗುತ್ತಿದ್ದವು. ಧ್ವನಿಯನ್ನು ಹಾಗೇ ಅನುಕರಿಸಿದರೂ ಅಷ್ಟೇ. ಫೋನನ್ನೇ ಜೇಬಿನಲ್ಲಿಟ್ಟು ಹಳೇ ಯಜಮಾನರ ಕೂಗನ್ನು ಹಾಕಿದರೂ ಅಷ್ಟೇ.

ಕೊನೆಗೆ ಅವರನ್ನೇ ಕರೆದೆವು. ಬಸ್ ಚಾರ್ಜು ಮಾತ್ರ ತೆಗೆದುಕೊಂಡು ಬಂದರು, ರಾತ್ರಿ ಉಳಿದರು. ನಾನು ಅವರ ಕೆಲಸವನ್ನು ಪಕ್ಕದಿಂದಲೂ ಹಿಂದಿನಿಂದಲೂ ವಿಡಿಯೋ ಮಾಡಿಕೊಂಡೆ.

ಅವರು ನೇಗಿಲು ಹಿಡಿದಾಗ ಕಂಡ ಮೊದಲ ವಿಷಯವೆಂದರೆ ಮೌನ. ಅರ್ಧ ಗಂಟೆಯಲ್ಲಿ ಬಾಯಿಂದ ಬಂದ ಮಾತು ಬೆರಳೆಣಿಕೆಯಷ್ಟು. ಎತ್ತುಗಳು ಬದುವಿನ ಹತ್ತಿರ ನವಿರಾಗಿ ತಿರುಗಿ ಮತ್ತೆ ಸಾಲಿಗೆ ಬರುತ್ತಿದ್ದವು. ಹೇಗೆ ತಿರುಗಿಸುತ್ತೀರಿ ಎಂದು ಕೇಳಿದರೆ, ‘ತಿರ್ಗೋ ಅಂತೀನಿ, ತಿರುಗ್ತವೆ. ಇನ್ನೇನು?’ ಎಂದರು. ಅವರಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ.

ವಿಡಿಯೋವನ್ನು ನಿಧಾನವಾಗಿ ಓಡಿಸಿ ನೋಡಿದಾಗ ಕಂಡದ್ದು ಬೇರೆ. ಮಾತು ಬರುವ ಮೊದಲೇ ಅವರು ಮೇಣಿಯನ್ನು ಒಂದಿಷ್ಟು ಎತ್ತಿ, ಬಲಕ್ಕೆ ಒಂದು ಹೆಜ್ಜೆ ಸರಿಯುತ್ತಿದ್ದರು. ಮೇಣಿ ಎತ್ತಿದ ಕೂಡಲೇ ಗುಳ ಮಣ್ಣಿನಿಂದ ಏಳುತ್ತದೆ, ಹೆಗಲ ಮೇಲಿನ ಎಳೆತ ಹಗುರಾಗುತ್ತದೆ. ಬಲಕ್ಕೆ ಸರಿದ ಮನುಷ್ಯ ಬಲಗೋಲು ಎತ್ತಿನ ಕಣ್ಣಂಚಿಗೆ ಬೀಳುತ್ತಾನೆ. ದನದ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಸುಮಾರು 330 ಡಿಗ್ರಿ ಸುತ್ತ ಕಾಣುತ್ತದೆ, ನೇರ ಹಿಂದೆ ಮಾತ್ರ ಕುರುಡು. ನೇಗಿಲು ಹಿಡಿದವನು ಸಾಮಾನ್ಯವಾಗಿ ಆ ಕುರುಡು ಜಾಗದಲ್ಲೇ ಇರುತ್ತಾನೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಕಾಣದಿದ್ದವನು ಕಂಡುಬಿಡುತ್ತಾನೆ. ಹಾಗೆ ಕಂಡಾಗ ಬಿಳಿಯ ಬಿರಬಿರನೆ ಸುತ್ತು ಹಾಕುತ್ತಿತ್ತು, ಕರಿಹೆಗಲು ನಿಂತಲ್ಲೇ ಹೆಜ್ಜೆ ಇಡುತ್ತಿತ್ತು. ‘ತಿರ್ಗೋ’ ಬರುತ್ತಿದ್ದದ್ದು ಎತ್ತುಗಳು ತಿರುಗಲು ಶುರು ಮಾಡಿದ ಮೇಲೆ.

ಇದನ್ನು ಅವರಿಗೆ ತೋರಿಸಿದಾಗ ನಂಬಲಿಲ್ಲ. ಪರೀಕ್ಷೆ ಮಾಡೋಣ ಅಂದೆ. ಮೇಣಿ ಎತ್ತದೆ, ಪಕ್ಕಕ್ಕೆ ಸರಿಯದೆ, ಬರೀ ‘ತಿರ್ಗೋ’ ಅನ್ನಲು ಹೇಳಿದೆ. ಎತ್ತುಗಳು ನೆಟ್ಟಗೆ ಹೋದವು. ಆಮೇಲೆ ಬಾಯಿ ಮುಚ್ಚಿಕೊಂಡು ಬರೀ ಮೇಣಿ ಎತ್ತಿ ಹೆಜ್ಜೆ ಸರಿಯಲು ಹೇಳಿದೆ. ಎತ್ತುಗಳು ತಿರುಗಿದವು. ಮತ್ತೆ ಮಾಡಿದರೂ ಹಾಗೇ. ‘ಇಷ್ಟು ವರ್ಷ ಬಾಯಿ ನೋಯಿಸ್ಕೊಂಡಿದ್ದು ದಂಡವೇ ಹಂಗಾರೆ?’ ಎಂದು ನಕ್ಕರು.

ಬರ್ಲಿನ್‌ನಲ್ಲಿ ನೂರು ವರ್ಷಕ್ಕೂ ಹಿಂದೆ ಹ್ಯಾನ್ಸ್ ಎಂಬ ಒಂದು ಕುದುರೆ ಲೆಕ್ಕ ಮಾಡುತ್ತದೆ ಅಂತ ಹೆಸರಾಗಿತ್ತು. ಪ್ರಶ್ನೆ ಕೇಳಿದರೆ ಕಾಲು ಕುಟ್ಟಿ ಉತ್ತರ ಹೇಳುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ 1907ರಲ್ಲಿ ಅದರ ಗುಟ್ಟು ಬಿಡಿಸಿದರು. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ, ಮೈ ತಮಗೇ ಗೊತ್ತಿಲ್ಲದೆ ಚೂರು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಯಜಮಾನ ಮೋಸಗಾರನಲ್ಲ, ಅವನಿಗೇ ತಿಳಿದಿರಲಿಲ್ಲ. ನಮ್ಮ ಹಳೇ ಯಜಮಾನರದೂ ಅದೇ ಸ್ಥಿತಿ. ಎತ್ತಿಗೆ ಏನು ಕಲಿಸಿದ್ದೀರಿ ಅಂತ ಕೇಳಿದರೆ ತಾವು ಆಡಿದ ಮಾತನ್ನು ಹೇಳುತ್ತಿದ್ದರು. ಎತ್ತು ಕಲಿತದ್ದು ಮಾತಿಗೆ ಮುಂಚೆ ಬರುವ ಸನ್ನೆಯನ್ನು. ಅದನ್ನು ಫೋನಿನಲ್ಲಿ ಎಷ್ಟು ವಿಚಾರಿಸಿದರೂ ತಿಳಿಯುತ್ತಿರಲಿಲ್ಲ.

ಯಾರು ಯಾರ ಮಾತು ಕಲಿಯಬೇಕು?

ಮುಂದಿನ ಪ್ರಶ್ನೆಗೆ ಮನೆಯಲ್ಲೇ ಭಿನ್ನಾಭಿಪ್ರಾಯ ಬಂತು. ಕೊಂಡವರ ತಮ್ಮ, ‘ಎತ್ತು ನಮ್ಮ ಮನೇದು, ಅವೇ ನಮ್ಮ ಕೂಗು ಕಲೀಲಿ’ ಎಂದ. ಹಳೇ ಯಜಮಾನರು, ‘ಕಲ್ತಿದ್ದನ್ನ ಕೆಡಿಸಬ್ಯಾಡಿ’ ಅಂದರು. ಇಬ್ಬರ ಮಾತಿನಲ್ಲೂ ಅರ್ಥವಿತ್ತು.

ಕೊನೆಗೆ ಮಾಡಿದ ನಿರ್ಧಾರ ಹೀಗೆ. ನಿಲ್ಲುವ ಮಾತನ್ನು ಮುಟ್ಟಬಾರದು. ಅಪಾಯ ಬಂದಾಗ ಕೆಲಸಕ್ಕೆ ಬರುವುದು ಅದೊಂದೇ. ಹಳೇ ‘ಹೋ’ ಹಾಗೇ ಉಳಿಯಲಿ, ಮನೆಯ ಎಲ್ಲರೂ ಅದನ್ನೇ ಕಲಿಯಲಿ. ಅಪ್ಪನ ‘ಹೋ…ಯ್’ ಪೂರ್ತಿ ನಿಲ್ಲಬೇಕು, ಈ ಜೊತೆ ಇರುವವರೆಗೂ ಆ ಕೊಟ್ಟಿಗೆಯಲ್ಲಿ ಕೇಳಬಾರದು. ಇದಕ್ಕೆ ಕೊಂಡವರಿಗೆ ಮನಸ್ಸಿಗೆ ನೋವಾಯಿತು, ಆದರೂ ಒಪ್ಪಿದರು. ಹೊರಡಲು ಹಳೇ ಲೊಚಗುಟ್ಟುವಿಕೆ. ಹೆಸರು ಹಳೆಯದೇ. ಮಕ್ಕಳು ಇಟ್ಟ ಹೆಸರು ಬರೀ ಕೊಟ್ಟಿಗೆಯ ಮುದ್ದಿಗೆ.

ತಿರುಗುವುದನ್ನು ಮಾತ್ರ ಹೊಸದಾಗಿ ಕಲಿಸಿದೆವು. ಹಳೇ ಯಜಮಾನರ ಮೈ ಸನ್ನೆಯನ್ನು ಹೊಸಬರು ಅಷ್ಟೇ ನವಿರಾಗಿ ಮಾಡಲು ಆಗುತ್ತಿರಲಿಲ್ಲ. ಬೇರೆಯವರು ನೇಗಿಲು ಹಿಡಿದಾಗ ಮತ್ತೆ ಅದೇ ಗೋಳು. ಹಾಗಾಗಿ ಮಾತಿಗೆ ಬಲ ಬರಬೇಕಿತ್ತು. ಮಾಡಿದ್ದು ಇಷ್ಟು: ಮೊದಲು ‘ತಿರ್ಗೋ’ ಎನ್ನುವುದು, ಒಂದು ಕ್ಷಣ ಬಿಡುವುದು, ಆಮೇಲೆ ಮೇಣಿ ಎತ್ತಿ ಹೆಜ್ಜೆ ಸರಿಯುವುದು. ಇಲ್ಲಿ ಕ್ರಮವೇ ಮುಖ್ಯ. ಮಾತು ಮತ್ತು ಸನ್ನೆ ಒಟ್ಟಿಗೆ ಬಂದರೆ ಎತ್ತು ತನಗೆ ಗೊತ್ತಿರುವ ಸನ್ನೆಯನ್ನೇ ಹಿಡಿಯುತ್ತದೆ, ಮಾತನ್ನು ಗಾಳಿಗೆ ಬಿಡುತ್ತದೆ. ಮಾತು ಮುಂದೆ ಬಂದರೆ ಮುಂದೇನು ಬರುತ್ತದೆ ಅಂತ ಅದಕ್ಕೆ ತಿಳಿಯುತ್ತದೆ. ಮನೆ ಮುಂದಿನ ಖಾಲಿ ಜಾಗದಲ್ಲಿ, ಗುಳ ಇಲ್ಲದ ನೇಗಿಲು ಕಟ್ಟಿ, ಬೆಳಗಿನ ತಂಪಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಮಾಡಿದರು. ಸರಿಯಾಗಿ ತಿರುಗಿದ ಕೂಡಲೇ ನಿಲ್ಲಿಸಿ, ನೊಗದ ಕೆಳಗೆ ಕೈ ಹಾಕಿ ಗಂಗೆದೊಗಲು ಕೆರೆಯುವುದು. ಅದೇ ಸಂಬಳ. ಮೊಳೆ ಹೊಡೆದ ಕೋಲನ್ನು ಹಳೇ ಯಜಮಾನರು ಬಂದ ದಿನವೇ ಮುರಿದು ಒಲೆಗೆ ಹಾಕಿದ್ದರು, ಯಾರನ್ನೂ ಕೇಳದೆ.

ಒಂದು ಕಟ್ಟುನಿಟ್ಟು ಇತ್ತು. ಕಲಿಸುವ ದಿನಗಳಲ್ಲಿ ಒಬ್ಬರೇ ಹೊಡೆಯಬೇಕು. ತಮ್ಮನಿಗೆ ಇದು ಹಿಡಿಸಲಿಲ್ಲ, ಒಮ್ಮೆ ಯಾರಿಗೂ ಹೇಳದೆ ಕಟ್ಟಿ ಅಪ್ಪನ ಕಾಲದ ಕೂಗು ಕೂಗಿದ. ಎತ್ತು ನಡುಹೊಲದಲ್ಲಿ ನಿಂತವು. ಆಮೇಲೆ ಅವನೂ ಒಪ್ಪಿದ.

ಏನಾಯಿತು

ಆರಿದ್ರಾ ಮಳೆಯ ಹೊತ್ತಿಗೆ ಕೂರಿಗೆ ಕಟ್ಟಿ ರಾಗಿ ಬಿತ್ತಿದರು. ಅದು ಸರಾಗವಾಗಿ ಆಯಿತು. ನಿಜವಾದ ಪರೀಕ್ಷೆ ಕುಂಟೆ. ಎಳೇ ಪೈರಿನ ಸಾಲಿನ ನಡುವೆ ಎತ್ತು ನಡೆಯಬೇಕು, ಒಂದು ಹೆಜ್ಜೆ ಆಚೆ ಇಟ್ಟರೆ ಪೈರು ಹೋಯಿತು. ‘ಸಾಲ್ಗೆ, ಸಾಲ್ಗೆ’ ಅನ್ನುವ ಮೆಲುದನಿಗೆ ಕರಿಹೆಗಲು ಚೆನ್ನಾಗಿ ನಡೆಯಿತು. ಬಿಳಿಯ ಮೊದಲ ದಿನ ಒಂದಷ್ಟು ಅವರೆ ಗಿಡ ತಿಂದು, ಒಂದಷ್ಟು ತುಳಿದು ನಷ್ಟ ಮಾಡಿತು. ಬಾಯಿಗೆ ಕುಕ್ಕೆ ಕಟ್ಟಿದ ಮೇಲೆ ತಿನ್ನುವುದು ನಿಂತಿತು. ಕೆಟ್ಟದ್ದು ಅಂತ ಮಾರಲು ಹೊರಟಿದ್ದ ಕರಿಹೆಗಲೇ ಈಗ ಜೊತೆಯನ್ನು ನಡೆಸುವುದು. ಬಿಳಿಯ ಅದನ್ನು ನೋಡಿಕೊಂಡು ನಡೆಯುತ್ತದೆ.

ನಷ್ಟವನ್ನೂ ಹೇಳಬೇಕು. ಟಿಲ್ಲರ್ ಬಾಡಿಗೆ, ಮುರಿದ ಈಸು, ಬಸ್ ಚಾರ್ಜು, ಮುಂಗಾರಿನ ಮೊದಲ ಹದ ತಪ್ಪಿದ್ದು. ಮೊಳೆ ತಾಗಿದ ಗಾಯ ವಾಸಿಯಾಗಲು ಹಿಡಿದ ಸಮಯ. ಜಾತ್ರೆಯಲ್ಲಿ ಅರ್ಧ ಗಂಟೆ ಹೆಚ್ಚು ನಿಂತು, ಮಾರುವವರ ಕೈಯಲ್ಲೇ ಎತ್ತು ಹೂಡಿಸಿ, ಹೊರಡಿಸಿ, ತಿರುಗಿಸಿ, ನಿಲ್ಲಿಸಿ ನೋಡಿದ್ದರೆ ಇದೆಲ್ಲ ಉಳಿಯುತ್ತಿತ್ತು. ನಮ್ಮ ಗುಂಪಿನವರು ಈಗ ಹಾಗೇ ಮಾಡುತ್ತಾರೆ. ಹಲ್ಲು, ಸುಳಿ ನೋಡಿದ ಮೇಲೆ ಎಡಗೋಲು ಯಾವುದು, ಹೆಸರೇನು ಎಂದು ಕೇಳಿ, ಮಾರುವವರು ಹೊಡೆಯುವುದನ್ನು ಹಿಂದಿನಿಂದ ಒಂದು ವಿಡಿಯೋ ಮಾಡಿಕೊಳ್ಳುತ್ತಾರೆ. ಮಾತಿಗಿಂತ ಅವರ ಕೈಕಾಲು ನೋಡಬೇಕು ಅನ್ನುವುದನ್ನು ಹೊಸಬರಿಗೆ ಒತ್ತಿ ಹೇಳಬೇಕಾಗುತ್ತದೆ, ಯಾಕೆಂದರೆ ಎಲ್ಲರ ಫೋನೂ ಮೊದಲು ಎತ್ತಿನ ಮುಖದ ಕಡೆಗೇ ತಿರುಗುತ್ತದೆ. ಮಾರುವವರು ನಿಂತ ಜಾಗದಲ್ಲಿ ತಾವೂ ನಿಂತು, ಅವರ ಎದುರಿಗೇ ಒಮ್ಮೆ ‘ಹೋ’ ಅಂದು ನಿಲ್ಲಿಸಿ ನೋಡುತ್ತಾರೆ. ನಿಲ್ಲದಿದ್ದರೆ ಬೆಲೆ ಮುರಿಯುವ ಮೊದಲೇ ಯಾಕೆ ಅಂತ ಕೇಳಬಹುದಲ್ಲ. ಕೆಲವು ದಳ್ಳಾಳಿಗಳು ಇದಕ್ಕೆ ಗೊಣಗುತ್ತಾರೆ.

ಒಂದು ತೊಡಕು ಇನ್ನೂ ಉಳಿದಿದೆ. ಈ ಜೊತೆ ಬಲಕ್ಕೆ ತಿರುಗುವುದನ್ನು ಕಲಿತೇ ಇಲ್ಲ. ಹಳೇ ಯಜಮಾನರು ಯಾವತ್ತೂ ಎಡಕ್ಕೇ ತಿರುಗಿಸಿ ಉಳುತ್ತಿದ್ದರು. ಹೊಸ ಹೊಲದ ಮೂಡಲ ಮೂಲೆಯಲ್ಲಿ ಹಳೇ ಬಾವಿ ಇದೆ, ಅಲ್ಲಿ ಎಡಕ್ಕೆ ಜಾಗವಿಲ್ಲ. ಬಲಕ್ಕೆ ಬೇರೆ ಮಾತು ಕಲಿಸಲು ಹೋದರೆ ಈಗಷ್ಟೇ ಕುದುರಿದ ‘ತಿರ್ಗೋ’ ಕದಡುತ್ತದೇನೋ ಅಂತ ಕೊಂಡವರಿಗೆ ಅಂಜಿಕೆ. ಬರುವ ಬೇಸಿಗೆಯಲ್ಲಿ, ಹೊಲ ಖಾಲಿ ಇರುವಾಗ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ಬಾವಿಯ ಮೂಲೆ ಬಂದಾಗ ದೊಡ್ಡ ಮಗ ಮುಂದೆ ಹೋಗಿ ಕರಿಹೆಗಲಿನ ಮೂಗುದಾರ ಹಿಡಿದು ತಿರುಗಿಸುತ್ತಾನೆ.